ಪಂಕ್ತಿ ಮುರಿದ ಮೇಲೆ ಉಳಿದ ಕೆಲಸ

ಎಡಿಸನ್, ನ್ಯೂಜೆರ್ಸಿ

ಚಿ. ಅನಘಾಳಿಗೆ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ; ನಿನ್ನ ಕಾಗದ ತಲುಪಿತು. ಪೌರತ್ವದ ಪ್ರಮಾಣವಚನ ಮುಗಿದ ಕೂಡಲೇ 2027ರ ಜೂನ್ ಪ್ರೈಮರಿಯ ಮಾತೆತ್ತಿದ್ದೀಯ. ನಿಮ್ಮ ಕ್ಷೇತ್ರದಿಂದ ರಾಜ್ಯದ ಮೇಲ್ಮನೆಯಾದ ಸೆನೆಟ್ಟಿಗೆ, ಡೆಮಾಕ್ರಟಿಕ್ ಪಕ್ಷದ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಮುಖಂಡರ ಒಪ್ಪಿಗೆಗೆ ಕಾಯದೆ ನಿಲ್ಲಲಿರುವ ಸುಧಾರಣಾವಾದಿ ಅಭ್ಯರ್ಥಿಯ ಪರ ದುಡಿಯಲೇ ಎಂದು ಕೇಳಿದ್ದೀಯ. ಖಂಡಿತ ದುಡಿ. ಆದರೆ ಇಂಥ ಚುನಾವಣೆಗಳಲ್ಲಿ ಒಳ್ಳೆಯ ಅಭ್ಯರ್ಥಿಗಳನ್ನು ಸೋಲಿಸುವುದು ತಳ್ಳಿಹೋದ ಸಹಿ, ತಪ್ಪಿದ ತಾರೀಖು, ಎಣಿಕೆಗೆ ಬಾರದ ಲಕೋಟೆ, ಇಬ್ಭಾಗವಾದ ಓಟು. ಆವೇಶದಿಂದ ಇವು ಯಾವುದೂ ಸರಿಹೋಗುವುದಿಲ್ಲ. ಆದ್ದರಿಂದ ಈ ಕಾಗದ ಉದ್ದವಾಗುತ್ತದೆ. ಪೆನ್ನು ಹಿಡಿದುಕೊಂಡು ಓದು.

ಪ್ರೈಮರಿ ಎಂದರೇನೆಂದು ಊರಿನಲ್ಲಿರುವ ನಿನ್ನ ಅಮ್ಮ ಕೇಳಿದರೆ ಹೀಗೆ ಹೇಳು: ಕರ್ನಾಟಕದಲ್ಲಿ ಬಿ ಫಾರಂ ಯಾರಿಗೆ ಎಂದು ಹೈಕಮಾಂಡ್ ತೀರ್ಮಾನಿಸುತ್ತದೆ, ಇಲ್ಲಿ ಆ ಬಿ ಫಾರಂ ಕೊಡುವವರು ಮತದಾರರು. ಪುಸ್ತಕದಲ್ಲಿ ಇದು ಸರಿ. ನ್ಯೂಜೆರ್ಸಿಯಲ್ಲಿ ಮಾತ್ರ ದಶಕಗಳ ಕಾಲ ಹೈಕಮಾಂಡ್ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದು ಕೂತಿತ್ತು. ಅದರ ಹೆಸರು ಕೌಂಟಿ ಲೈನ್. 21 ಕೌಂಟಿಗಳ ಪೈಕಿ ಸೇಲಂ ಮತ್ತು ಸಸೆಕ್ಸ್ ಬಿಟ್ಟು ಉಳಿದ 19ರಲ್ಲಿ ಪ್ರೈಮರಿ ಮತಪತ್ರವನ್ನು ಪಕ್ಷದ ಕೌಂಟಿ ಸಂಘಟನೆ ಒಪ್ಪಿದ ಅಭ್ಯರ್ಥಿಗಳೆಲ್ಲ ಮೇಲಿನ ಹುದ್ದೆಯಿಂದ ಕೆಳಗಿನ ಹುದ್ದೆಯವರೆಗೆ ಒಂದೇ ಸಾಲಿನಲ್ಲಿ ಬರುವಂತೆ ಅಚ್ಚು ಹಾಕುತ್ತಿದ್ದರು. ಎದುರು ನಿಂತವರ ಹೆಸರು ಎರಡು ಮೂರು ಖಾಲಿ ಕಾಲಂ ದಾಟಿ ಎಲ್ಲೋ ಮೂಲೆಯಲ್ಲಿ. ಮದುವೆಮನೆಯಲ್ಲಿ ಬೀಗರ ಪಂಕ್ತಿಗೆ ಒಳಗೆ ಎಲೆ ಹಾಕಿ, ಇನ್ನೊಬ್ಬರಿಗೆ ಹಿತ್ತಿಲ ಜಗಲಿಯಲ್ಲಿ ಹಾಕಿದ ಹಾಗೆ. ಎಲೆ ಹಾಕುವ ಜಾಗವೇ ಗೆಲುವನ್ನು ಎಷ್ಟರ ಮಟ್ಟಿಗೆ ತೀರ್ಮಾನಿಸುತ್ತದೆ ಎಂಬುದನ್ನು ರಟ್ಗರ್ಸ್ ವಿಶ್ವವಿದ್ಯಾಲಯದ ಜೂಲಿಯಾ ಸಾಸ್ ರೂಬಿನ್ ಅಂಕಿಅಂಶ ಹಿಡಿದು ತೋರಿಸಿದರು. ಲೈನ್ ಯಾರಿಗೆ ಎಂಬ ತೀರ್ಮಾನವನ್ನು ಕೆಲವು ಕೌಂಟಿಗಳಲ್ಲಿ ಪಕ್ಷದ ಕೌಂಟಿ ಸಮಿತಿಯ ಸದಸ್ಯರೆಲ್ಲ ಗುಪ್ತ ಮತದಿಂದ ಮಾಡುತ್ತಿದ್ದರು. ಉಳಿದ ಹಲವು ಕಡೆ ಅಧ್ಯಕ್ಷರೊಬ್ಬರ ಮಾತೇ ಕೊನೆ.

ಇದು ಮುರಿದದ್ದು 2024ರಲ್ಲಿ. ಅಮೆರಿಕ ಸಂಸತ್ತಿನ ಸೆನೆಟ್ಟಿನಲ್ಲಿ ನ್ಯೂಜೆರ್ಸಿಯ ಸದಸ್ಯರಾಗಿದ್ದ ಬಾಬ್ ಮೆನೆಂಡೆಜ್ ಮೇಲೆ 2023ರ ಸೆಪ್ಟೆಂಬರ್‌ನಲ್ಲಿ ಲಂಚದ ಆರೋಪಪಟ್ಟಿ ಬಂದ ಮರುದಿನವೇ ಸಂಸದ ಆ್ಯಂಡಿ ಕಿಮ್ ಆ ಸ್ಥಾನಕ್ಕೆ ನಿಲ್ಲುವುದಾಗಿ ಹೇಳಿದರು. ನವೆಂಬರ್‌ನಲ್ಲಿ ಆಗಿನ ಗವರ್ನರ್ ಫಿಲ್ ಮರ್ಫಿಯವರ ಪತ್ನಿ ಟ್ಯಾಮಿ ಮರ್ಫಿ ಕಣಕ್ಕಿಳಿದರು. ದೊಡ್ಡ ಕೌಂಟಿಗಳ ಹಲವು ಅಧ್ಯಕ್ಷರು ಅವರ ಹಿಂದೆ ನಿಂತರು. ಕಿಮ್ ಎರಡು ದಾರಿ ಹಿಡಿದರು. ಸಮಿತಿಯ ಸದಸ್ಯರು ಗುಪ್ತ ಮತ ಹಾಕುವ ಮಾನ್‌ಮತ್‌ನಂಥ ಕೌಂಟಿಗಳಲ್ಲಿ ಸದಸ್ಯರನ್ನು ಒಬ್ಬೊಬ್ಬರಾಗಿ ಕಂಡು ಅಲ್ಲಿಯ ಬೆಂಬಲ ಗೆದ್ದರು. ಜೊತೆಗೆ ಫೆಬ್ರವರಿ ಕೊನೆಯಲ್ಲಿ, ಸಾರಾ ಶೂನ್‌ಗುಡ್ ಮತ್ತು ಕ್ಯಾರಲಿನ್ ರಶ್ ಅವರೊಂದಿಗೆ ಸೇರಿ, ಲೈನ್ ಪದ್ಧತಿಯೇ ಸಂವಿಧಾನಕ್ಕೆ ವಿರುದ್ಧವೆಂದು ಫೆಡರಲ್ ಕೋರ್ಟಿಗೆ ಹೋದರು. ಮಾರ್ಚ್ 24ಕ್ಕೆ ಟ್ಯಾಮಿ ಮರ್ಫಿ ಹಿಂದೆ ಸರಿದರು. ಮಾರ್ಚ್ 29ಕ್ಕೆ ನ್ಯಾಯಾಧೀಶ ಜಾಹಿದ್ ಖುರೇಶಿ ಆ ವರ್ಷದ ಡೆಮಾಕ್ರಟಿಕ್ ಪ್ರೈಮರಿಗೆ ಲೈನ್ ಮತಪತ್ರ ಬಳಸಬಾರದೆಂದು ತಡೆಯಾಜ್ಞೆ ಕೊಟ್ಟರು. ಮೇಲ್ಮನವಿ ನ್ಯಾಯಾಲಯ ಏಪ್ರಿಲ್‌ನಲ್ಲಿ ಅದನ್ನು ಎತ್ತಿಹಿಡಿಯಿತು. 2025ರ ಮಾರ್ಚ್‌ನಲ್ಲಿ ಕಾನೂನೇ ಬದಲಾಗಿ ಎರಡೂ ಪಕ್ಷಗಳಿಗೆ ಹುದ್ದೆವಾರು ಮತಪತ್ರ ಬಂತು. ಒಂದು ಹುದ್ದೆಗೆ ನಿಂತವರೆಲ್ಲರ ಹೆಸರು ಈಗ ಒಂದೇ ಚೌಕದಲ್ಲಿ, ಚೀಟಿ ಎತ್ತಿದ ಕ್ರಮದಲ್ಲಿ.

ಪಂಕ್ತಿ ಮುರಿಯಿತು ಎಂದುಕೊಂಡು ಯಾರೂ ಕೈ ತೊಳೆಯುವ ಹಾಗಿಲ್ಲ. ಮತಪತ್ರದಲ್ಲಿ ಹೆಸರಿನ ಜೊತೆಗೆ ಆರು ಪದಗಳವರೆಗಿನ ಘೋಷವಾಕ್ಯಕ್ಕೆ ಅವಕಾಶವಿದೆ. ಕೌಂಟಿ ಸಂಘಟನೆಯ ಹೆಸರನ್ನು ಆ ಜಾಗದಲ್ಲಿ ಹಾಕಿಸಿಕೊಂಡವರು ಯಾರೆಂದು ಹಳೆಯ ಮತದಾರರಿಗೆ ಕ್ಷಣದಲ್ಲಿ ತಿಳಿಯುತ್ತದೆ. ಸಂಘಟನೆಯ ಬಳಿ ಮತದಾರರ ಪಟ್ಟಿ, ದುಡ್ಡು, ಕರಪತ್ರ ಹಂಚುವ ಕೈಗಳು ಎಲ್ಲವೂ ಇವೆ. 2025ರ ಗವರ್ನರ್ ಪ್ರೈಮರಿ ನೋಡು. ಆರು ಜನ ಡೆಮಾಕ್ರಾಟರು ನಿಂತರು. ಕೌಂಟಿಗಳ ಬೆಂಬಲ ಎಲ್ಲರಿಗಿಂತ ಹೆಚ್ಚಾಗಿ ಪಡೆದಿದ್ದ ಮಿಕಿ ಶೆರಿಲ್ ಸುಮಾರು ಶೇ. 34 ಓಟಿನಿಂದ ಗೆದ್ದರು. ಮುಖಂಡರ ಹಂಗಿಲ್ಲದೆ ನಿಂತ ನ್ಯೂವಾರ್ಕಿನ ಮೇಯರ್ ರಾಸ್ ಬರಾಕಾ ಮತ್ತು ಜರ್ಸಿ ಸಿಟಿಯ ಆಗಿನ ಮೇಯರ್ ಸ್ಟೀವ್ ಫುಲಪ್ ಇಬ್ಬರ ಓಟನ್ನೂ ಕೂಡಿದರೆ ಅದಕ್ಕಿಂತ ಹೆಚ್ಚು. ಅವರ ಬೆಂಬಲಿಗರೆಲ್ಲ ಒಬ್ಬರ ಹಿಂದೆ ಬರುತ್ತಿದ್ದರೆಂದು ನಾನು ಹೇಳುವುದಿಲ್ಲ, ಹಾಗೆ ಆಗುವುದೂ ಇಲ್ಲ. ಆದರೆ ಇಲ್ಲಿ ಎರಡನೇ ಸುತ್ತಿಲ್ಲ. ಯಾರಿಗೆ ಒಂದು ಓಟು ಹೆಚ್ಚೋ ಅವರೇ ಅಭ್ಯರ್ಥಿ. ಅದೇ ದಿನ ಹಡ್ಸನ್ ಕೌಂಟಿಯ 32ನೇ ಕ್ಷೇತ್ರದಲ್ಲಿ ಕೇಟಿ ಬ್ರೆನನ್, ರವಿ ಭಲ್ಲಾ ಇಬ್ಬರೂ ಸಂಘಟನೆಯ ಅಭ್ಯರ್ಥಿಗಳನ್ನು ಸೋಲಿಸಿ ರಾಜ್ಯದ ಕೆಳಮನೆಯಾದ ಅಸೆಂಬ್ಲಿಯ ಟಿಕೆಟ್ ಪಡೆದರು. ಕ್ಷೇತ್ರ ಚಿಕ್ಕದು, ಎದುರಾಳಿ ಸ್ಪಷ್ಟ, ಜೋಡಿ ಒಂದೇ: ಇಂಥಲ್ಲಿ ಗೆಲುವು ಸಾಧ್ಯ. ನಿಮ್ಮ ಕ್ಷೇತ್ರದಲ್ಲಿ ಸುಧಾರಣೆಯ ಹೆಸರಿನಲ್ಲಿ ಇನ್ನೊಬ್ಬರು ಹೊರಡುವ ಸೂಚನೆಯಿದ್ದರೆ, ನಾಮಪತ್ರಕ್ಕೆ ಮುಂಚೆಯೇ, ಚಳಿಗಾಲದಲ್ಲೇ, ಇಬ್ಬರನ್ನೂ ಒಂದು ಮೇಜಿನ ಮುಂದೆ ಕೂರಿಸುವ ಹಿರಿಯರನ್ನು ಹುಡುಕಿ. ಮೇ ತಿಂಗಳಲ್ಲಿ ಆ ಮಾತು ನಡೆಯುವುದಿಲ್ಲ. ಆ ಹೊತ್ತಿಗೆ ಮತಪತ್ರ ಅಚ್ಚಾಗಿರುತ್ತದೆ.

ಇನ್ನು ನಿನ್ನ ಅಭ್ಯರ್ಥಿ. ಸುಧಾರಣೆ ಎಂಬ ಪದ ಯಾರ ಬಾಯಲ್ಲಾದರೂ ಬರುತ್ತದೆ, ಲೈನ್ ಸತ್ತ ಮೇಲಂತೂ ಅದನ್ನು ಬೈಯದವರಿಲ್ಲ. ನೀನು ಅವರನ್ನು ಕಂಡಾಗ ನಾಲ್ಕು ಪ್ರಶ್ನೆ ಕೇಳು, ಉತ್ತರ ಬರೆದಿಟ್ಟುಕೋ. ಸಾರ್ವಜನಿಕ ದಾಖಲೆ ಪಡೆಯುವ ಕಾನೂನನ್ನು 2024ರಲ್ಲಿ ದುರ್ಬಲಗೊಳಿಸಿದರಲ್ಲ, ಅದನ್ನು ಹಿಂದಿನ ಸ್ಥಿತಿಗೆ ತರುವ ಮಸೂದೆಗೆ ಓಟು ಹಾಕುತ್ತೀರಾ? 2023ರ ಚುನಾವಣಾ ವೆಚ್ಚದ ಕಾನೂನು ದೇಣಿಗೆಯ ಮಿತಿಗಳನ್ನು ಏರಿಸಿತು, ಉಲ್ಲಂಘನೆಯ ಮೇಲೆ ಕ್ರಮಕ್ಕಿದ್ದ 10 ವರ್ಷದ ಅವಧಿಯನ್ನು 2 ವರ್ಷಕ್ಕೆ ಇಳಿಸಿತು. ಅದರಲ್ಲಿ ಏನನ್ನು ಬದಲಿಸುತ್ತೀರಿ? ಗೆದ್ದ ಮೇಲೆ ಮುಂದಿನ ಸಲ ಕೌಂಟಿಯ ಬೆಂಬಲ ತಾನಾಗಿ ಬಂದರೆ, ಅದು ಸಮಿತಿಯ ಗುಪ್ತ ಮತದಿಂದ ಬಂದದ್ದಲ್ಲದಿದ್ದರೆ, ಬೇಡ ಎನ್ನುತ್ತೀರಾ? ಸರ್ಕಾರಿ ಗುತ್ತಿಗೆದಾರರಿಂದ ದುಡ್ಡು ತೆಗೆದುಕೊಳ್ಳುತ್ತೀರಾ? ಮೂರನೆಯ ಪ್ರಶ್ನೆಗೆ ತಡವರಿಸಿದರೆ ಗಾಬರಿಯಾಗಬೇಡ, ಅದು ಕಷ್ಟದ ಪ್ರಶ್ನೆಯೇ. ಎಲ್ಲ ಪ್ರಶ್ನೆಗೂ ನಗುತ್ತ ‘ಹೌದು’ ಎಂದವರ ಬಗ್ಗೆ ಹೆಚ್ಚು ಎಚ್ಚರವಾಗಿರು.

ನಮ್ಮ ಜನರ ನಡುವೆ ಕೆಲಸ ಮಾಡುವಾಗ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಯಾರ ಕೈಯಲ್ಲಿ ಯಾವ ಕಾಗದವಿದೆ ಎಂಬುದನ್ನು. ಓಟು ಪೌರರಿಗೆ ಮಾತ್ರ. ಗ್ರೀನ್ ಕಾರ್ಡ್ ಇರುವವರು ದೇಣಿಗೆ ಕೊಡಬಹುದು, ಓಟು ಹಾಕುವಂತಿಲ್ಲ, ಮತದಾರರಾಗಿ ನೋಂದಾಯಿಸಿಕೊಳ್ಳುವಂತೆಯೂ ಇಲ್ಲ. ಎಚ್-1ಬಿ, ಎಲ್-1, ವಿದ್ಯಾರ್ಥಿ ವೀಸಾದವರು, ಊರಿನಿಂದ ಆರು ತಿಂಗಳಿಗೆ ಬಂದಿರುವ ಅಪ್ಪ ಅಮ್ಮಂದಿರು ಒಂದು ಡಾಲರ್ ಕೂಡ ಕೊಡಬಾರದು. ಅವರ ದುಡ್ಡನ್ನು ನೀನು ನಿನ್ನ ಕಾರ್ಡಿನಿಂದ ಕೊಡುವುದು ಇನ್ನೂ ದೊಡ್ಡ ತಪ್ಪು. ಸಂಬಳವಿಲ್ಲದೆ ಲಕೋಟೆ ಅಂಟಿಸುವುದು, ಫೋನ್ ಮಾಡುವುದು ಇಂಥ ಕೆಲಸಕ್ಕೆ ಅವರಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ದುಡ್ಡನ್ನು ಎಲ್ಲಿ ಖರ್ಚು ಮಾಡಬೇಕೆಂಬ ತೀರ್ಮಾನದಲ್ಲಿ ಅವರ ದನಿ ಇರಬಾರದು. ಎಲ್ಲಕ್ಕಿಂತ ಅಪಾಯದ ಜಾಗ ಮೋಟಾರು ವಾಹನ ಇಲಾಖೆಯ ಕೌಂಟರು. ಲೈಸೆನ್ಸಿಗೆ ಹೋದಾಗ ಮತದಾರರ ನೋಂದಣಿಯ ಪ್ರಶ್ನೆ ಪರದೆಯ ಮೇಲೆ ಬರುತ್ತದೆ. ಗ್ರೀನ್ ಕಾರ್ಡಿನವರು ಅವಸರದಲ್ಲಿ ಸರಿ ಎಂದು ಒತ್ತಿದರೆ ಮುಂದೆ ಪೌರತ್ವದ ಅರ್ಜಿಯೇ ಬೀಳಬಹುದು, ಗಡೀಪಾರಿನವರೆಗೂ ಹೋಗಬಹುದು. ಆದ್ದರಿಂದ ನೋಂದಣಿ ಫಾರಂ ಹಿಡಿದು ಹೋದಾಗ ಮೊದಲ ಪ್ರಶ್ನೆ ‘ನೀವು ಸಿಟಿಜನ್ನಾ?’ ಎಂದೇ ಇರಲಿ. ಉತ್ತರ ಅನುಮಾನವಾದರೆ ಫಾರಂ ಕೊಡಬೇಡ.

ದೇಣಿಗೆ ಎತ್ತುವಾಗ ಇನ್ನೆರಡು ಮಾತು. 200 ಡಾಲರ್ ದಾಟಿದ ದೇಣಿಗೆದಾರರ ಹೆಸರು, ವಿಳಾಸ, ಉದ್ಯೋಗ, ಕೆಲಸ ಕೊಟ್ಟವರ ಹೆಸರು ರಾಜ್ಯ ಚುನಾವಣಾ ವೆಚ್ಚ ಆಯೋಗದ ದಾಖಲೆಗೆ ಹೋಗುತ್ತದೆ, ಯಾರು ಬೇಕಾದರೂ ನೋಡಬಹುದು. ಇದನ್ನು ಕೊಡುವವರಿಗೆ ಮುಂಚೆಯೇ ಹೇಳು; ಆಮೇಲೆ ತಿಳಿದು ಬೇಸರಪಟ್ಟವರು ಮತ್ತೆ ಬಾಗಿಲು ತೆರೆಯುವುದಿಲ್ಲ. ದಂಪತಿಗಳಲ್ಲಿ ಇಬ್ಬರೂ ಕೊಡುವುದಾದರೆ ಇಬ್ಬರ ಹೆಸರೂ ಸಹಿಯೂ ಬೇರೆ ಬೇರೆಯಾಗಿ ಇರಲಿ.

ಕನ್ನಡ ಸಂಘ, ದೇವಸ್ಥಾನಗಳ ವಿಷಯದಲ್ಲಿ ಗಟ್ಟಿಯಾಗಿರು. ಇವುಗಳಲ್ಲಿ ಹೆಚ್ಚಿನವು ತೆರಿಗೆ ವಿನಾಯಿತಿ ಪಡೆದ 501(ಸಿ)(3) ಸಂಸ್ಥೆಗಳು. ಯಾವ ಅಭ್ಯರ್ಥಿಯ ಪರವೂ ವಿರುದ್ಧವೂ ಪ್ರಚಾರ ಮಾಡುವಂತಿಲ್ಲ. ಯುಗಾದಿ ಕಾರ್ಯಕ್ರಮದ ವೇದಿಕೆಯಿಂದ ನಿನ್ನ ಅಭ್ಯರ್ಥಿಗೆ ಓಟು ಕೇಳುವುದು, ಸಂಘದ ಅಧಿಕೃತ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪೋಸ್ಟರ್ ಹಾಕುವುದು, ಪ್ರಸಾದದ ಸಾಲಿನಲ್ಲಿ ಕರಪತ್ರ ಹಂಚುವುದು ಎಲ್ಲವೂ ಸಂಘದ ಕುತ್ತಿಗೆಗೆ ಬರುತ್ತದೆ. ಪಕ್ಷ ನೋಡದೆ ಮತದಾರರ ನೋಂದಣಿ ಮಾಡಿಸಬಹುದು. ಎಲ್ಲ ಅಭ್ಯರ್ಥಿಗಳನ್ನೂ ಒಂದೇ ನಿಯಮದ ಮೇಲೆ ಕರೆದು ಪ್ರಶ್ನೋತ್ತರ ಇಡಬಹುದು. ನಿನ್ನ ಪ್ರಚಾರವನ್ನು ನಿನ್ನ ಮನೆಯ ಹಜಾರಕ್ಕೆ ಇಟ್ಟುಕೋ: ಹದಿನೈದು ಇಪ್ಪತ್ತು ಜನ, ಕಾಫಿ, ಚೂಡಾ, ಅಭ್ಯರ್ಥಿಯ ಮಾತು ಹತ್ತು ನಿಮಿಷ, ಪ್ರಶ್ನೆಗೆ ಮುಕ್ಕಾಲು ಗಂಟೆ. ನಮ್ಮವರು ಭಾಷಣಕ್ಕೆ ಒಲಿಯುವುದಿಲ್ಲ, ಪ್ರಶ್ನೆಗೆ ನೇರ ಉತ್ತರ ಸಿಕ್ಕಿದರೆ ಒಲಿಯುತ್ತಾರೆ. ಆಸ್ತಿ ತೆರಿಗೆ, ಶಾಲೆಗೆ ಬರುವ ರಾಜ್ಯದ ಅನುದಾನ, ಎನ್‌ಜೆ ಟ್ರಾನ್ಸಿಟ್ ರೈಲು, ಈ ಮೂರರ ಮೇಲೆ ಅಭ್ಯರ್ಥಿ ಓದಿಕೊಂಡು ಬರಲಿ.

ಈಗ ತಾರೀಖುಗಳು. ಜೂನ್ ತಿಂಗಳ ಮೊದಲ ಸೋಮವಾರದ ಮರುದಿನ ಪ್ರೈಮರಿ. ಆ ಲೆಕ್ಕದಲ್ಲಿ 2027ಕ್ಕೆ ಜೂನ್ 8 ಬರುತ್ತದೆ. ತಾರೀಖು ಸರಿದದ್ದೂ ಉಂಟು. 2025ರಲ್ಲಿ ಯಹೂದಿಗಳ ಹಬ್ಬ ಅಡ್ಡ ಬಂದು ಜೂನ್ 3ರ ಬದಲು 10ಕ್ಕೆ ಹೋಯಿತು. ನೋಂದಣಿಗೆ ಕೊನೆಯ ದಿನ 21 ದಿನ ಮುಂಚೆ, ಎಂದರೆ ಮೇ 18. ಇನ್ನೊಂದು ಪಕ್ಷದಲ್ಲಿ ಹೆಸರಿರುವವರು ಪಕ್ಷ ಬದಲಿಸಲು 55 ದಿನ ಮುಂಚೆ, ಏಪ್ರಿಲ್ 14ರೊಳಗೆ ಫಾರಂ ಕೊಡಬೇಕು. ಇದನ್ನು ಮೇ ತಿಂಗಳಲ್ಲಿ ನೆನೆಸಿಕೊಂಡು ಪ್ರಯೋಜನವಿಲ್ಲ. ಯಾವ ಪಕ್ಷಕ್ಕೂ ಸೇರದವರಿಗೆ ಮಾತ್ರ ಈ ತೊಡಕಿಲ್ಲ. ಅವರು ಪ್ರೈಮರಿಯ ದಿನವೇ ಮತಗಟ್ಟೆಯಲ್ಲಿ ಪಕ್ಷ ಹೇಳಿ ಓಟು ಹಾಕಬಹುದು. ಅಲ್ಲಿಂದ ಮುಂದೆ ಆ ಪಕ್ಷದವರೆಂದು ದಾಖಲಾಗುತ್ತಾರೆ, ಬೇಡವಾದರೆ ನಂತರ ಫಾರಂ ಕೊಟ್ಟು ಹಿಂದಕ್ಕೆ ಬರಬಹುದು. ಪೌರತ್ವದ ದಿನ ಫಾರಂ ತುಂಬಿದ ನಮ್ಮವರಲ್ಲಿ ಬಹಳ ಮಂದಿ ಪಕ್ಷದ ಜಾಗ ಖಾಲಿ ಬಿಟ್ಟಿರುತ್ತಾರೆ, ‘ಪ್ರೈಮರಿ ನಮಗಲ್ಲ’ ಎಂದುಕೊಂಡಿರುತ್ತಾರೆ. ನಿನ್ನ ಅಭ್ಯರ್ಥಿಗೆ ಹೊಸ ಓಟು ಸಿಗುವುದು ಇಲ್ಲೇ. ಇನ್ನೊಂದು ಗುಂಪೂ ಇದೆ: 2026ರಿಂದ, ನವೆಂಬರ್ ಚುನಾವಣೆಯ ಹೊತ್ತಿಗೆ 18 ತುಂಬುವ 17ರ ಮಕ್ಕಳೂ ಪ್ರೈಮರಿಯಲ್ಲಿ ಓಟು ಹಾಕಬಹುದು. ಹೈಸ್ಕೂಲಿನ ಕೊನೆಯ ವರ್ಷದ ಮಗ ಮಗಳು ಹೊರಟರೆ ಅಪ್ಪ ಅಮ್ಮನೂ ಹೊರಡುತ್ತಾರೆ.

ನಾಮಪತ್ರದ ಸಹಿ ಸಂಗ್ರಹ ಮಾರ್ಚ್ ಕೊನೆಯೊಳಗೆ ಮುಗಿಯಬೇಕು. 2025ರಲ್ಲಿ ಸಹಿಗಳ ಸಂಖ್ಯೆಯನ್ನು ಏರಿಸಿದರು, ಗವರ್ನರ್ ಹುದ್ದೆಗೆ 1,000 ಇದ್ದದ್ದು 2,500 ಆಯಿತು. ರಾಜ್ಯ ಸೆನೆಟ್ಟಿನ ಸಂಖ್ಯೆಯನ್ನು ಆ ವರ್ಷದ ಅಧಿಕೃತ ಪಟ್ಟಿಯಲ್ಲೇ ನೋಡಿ ಖಚಿತಪಡಿಸಿಕೊಳ್ಳಿ, ಯಾರ ಬಾಯಿಮಾತನ್ನೂ ನಂಬಬೇಡಿ. ಬೇಕಾದಷ್ಟರ ಎರಡು ಪಟ್ಟು ಕೂಡಿಸಿ. ಎದುರಾಳಿಯ ವಕೀಲರು ಆಕ್ಷೇಪಣೆಗೆಂದೇ ಕಾದಿರುತ್ತಾರೆ, ಒಂದೊಂದು ಸಹಿಯನ್ನೂ ಮತದಾರರ ಪಟ್ಟಿಗೆ ಹೋಲಿಸುತ್ತಾರೆ. ನಮ್ಮವರ ಸಹಿ ತಳ್ಳಿಹೋಗಲು ಕಾರಣಗಳು ಗೊತ್ತಿರುವಂಥವೇ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಕೊನೆಯ ಹೆಸರಾಗಿದೆ, ಮತದಾರರ ಪಟ್ಟಿಯಲ್ಲಿ ಊರಿನ ಹೆಸರು, ಕಾಗದದ ಮೇಲೆ ಬರೆದದ್ದು ಬರೀ ಇನಿಷಿಯಲ್. ಅಪಾರ್ಟ್‌ಮೆಂಟ್ ಬಿಟ್ಟು ಮನೆ ಕೊಂಡಿದ್ದಾರೆ, ನೋಂದಣಿ ಹಳೆಯ ವಿಳಾಸದಲ್ಲೇ ಇದೆ. ಅಥವಾ ಕ್ಷೇತ್ರವೇ ಬೇರೆ. ಓಕ್ ಟ್ರೀ ರಸ್ತೆಯನ್ನೇ ನೋಡು: ಎಡಿಸನ್ ಭಾಗ 18ನೇ ಕ್ಷೇತ್ರ, ಅದೇ ರಸ್ತೆ ಐಸೆಲಿನ್‌ಗೆ ಬಂದರೆ ವುಡ್‌ಬ್ರಿಡ್ಜ್, 19ನೇ ಕ್ಷೇತ್ರ. ಪಿಸ್ಕಾಟವೇ 17, ಸೌತ್ ಬ್ರನ್ಸ್‌ವಿಕ್ 16. ಬ್ರಿಡ್ಜ್‌ವಾಟರ್ ದೇವಸ್ಥಾನದ ಬಳಿ ಭಾನುವಾರ ನಿಂತು ಇನ್ನೂರು ಸಹಿ ಕೂಡಿಸಿದರೆ ಕೆಲಸಕ್ಕೆ ಬರುವುದು ಹತ್ತೋ ಹದಿನೈದೋ. ಮನೆ ಮನೆಗೆ ಹೋಗಿ, ಪಟ್ಟಿಯಲ್ಲಿ ಹೆಸರಿರುವವರ ಸಹಿಯನ್ನು, ಪಟ್ಟಿಯಲ್ಲಿರುವ ಹಾಗೆಯೇ ಹೆಸರು ಬರೆಸಿ ತೆಗೆದುಕೊಳ್ಳಿ. ಸಹಿ ಸಂಗ್ರಹಿಸಿದವರು ಕಣ್ಣೆದುರೇ ಹಾಕಿದ ಸಹಿ ಎಂದು ಪ್ರಮಾಣ ಮಾಡಬೇಕಾಗುತ್ತದೆ, ಆದ್ದರಿಂದ ಹಾಳೆಯನ್ನು ಅಂಗಡಿಯ ಗಲ್ಲಾದ ಮೇಲೆ ಬಿಟ್ಟು ಬರಬಾರದು. ಗಂಡ ಹೆಂಡತಿಯ ಸಹಿಯನ್ನು, ಮಗ ಅಪ್ಪನ ಸಹಿಯನ್ನು ಹಾಕುವುದು ನಮ್ಮ ಮನೆಗಳಲ್ಲಿ ತಪ್ಪೇ ಅಲ್ಲವೆಂಬಂತೆ ನಡೆಯುತ್ತದೆ; ಇಲ್ಲಿ ಅದು ಅಪರಾಧ.

ಮನೆ ಬಾಗಿಲು ತಟ್ಟಲು ಹೊರಡುವ ಮೊದಲು ಎಷ್ಟು ಓಟು ಬೇಕೆಂಬ ಲೆಕ್ಕ ಇರಲಿ. ಕ್ಷೇತ್ರದಲ್ಲಿ ಹಿಂದಿನ ಎರಡು ಮೂರು ಪ್ರೈಮರಿಗಳಲ್ಲಿ ಬಿದ್ದ ಓಟನ್ನು ಕೌಂಟಿ ಕ್ಲರ್ಕಿನ ದಾಖಲೆಯಿಂದ ತೆಗೆದುಕೊಳ್ಳಿ. ಉದಾಹರಣೆಗೆ 12,000 ಓಟು ಬೀಳುವ ಅಂದಾಜಿದ್ದು ಮೂವರು ಕಣದಲ್ಲಿದ್ದರೆ 5,000ದ ಗುರಿ ಇಡಿ. ಕ್ಷೇತ್ರದಲ್ಲಿ 100 ಮತಗಟ್ಟೆ ವ್ಯಾಪ್ತಿಗಳಿದ್ದರೆ ಒಂದೊಂದಕ್ಕೆ 50. ಹೀಗೆ ಒಡೆದಾಗ ಗುರಿ ಕೈಗೆಟುಕುವಂತೆ ಕಾಣುತ್ತದೆ: ನಿನ್ನ ಬಡಾವಣೆಯಿಂದ ಐವತ್ತು ಹೆಸರು, ಮುಖ ಪರಿಚಯವಿರುವ ಐವತ್ತು ಹೆಸರು. ಪ್ರೈಮರಿಯಲ್ಲಿ ಓಟು ಹಾಕುವವರು ಕಡಿಮೆ, ಆದ್ದರಿಂದಲೇ ಒಂದು ಬಡಾವಣೆಗೆ ಇಷ್ಟು ತೂಕ.

ಎರಡು ಗಂಟೆಗೆ ಸುಮಾರು ನಲವತ್ತು ಬಾಗಿಲು ಇಟ್ಟುಕೊಳ್ಳಿ. ಮೂರರಲ್ಲಿ ಒಂದು ತೆರೆದರೆ ಒಳ್ಳೆಯ ದಿನ. ಇಬ್ಬರು ಹೋಗಿ, ಕತ್ತಲಾಗುವ ಮೊದಲು ಮುಗಿಸಿ. ಗಂಟೆ ಒತ್ತಿ ಎರಡು ಹೆಜ್ಜೆ ಹಿಂದೆ ನಿಲ್ಲು. ಬಾಗಿಲ ಕ್ಯಾಮೆರಾ ಎಲ್ಲವನ್ನೂ ಕೇಳುತ್ತಿರುತ್ತದೆ, ಬಾಗಿಲು ಮುಚ್ಚಿದ ಮೇಲೆ ಜೊತೆಗಾರರ ಹತ್ತಿರ ಆಡುವ ಮಾತೂ ಅದಕ್ಕೆ ಕೇಳಿಸುತ್ತದೆ. ಕರಪತ್ರವನ್ನು ಅಂಚೆಪೆಟ್ಟಿಗೆಗೆ ಎಂದೂ ಹಾಕಬೇಡ, ಅಂಚೆಚೀಟಿಯಿಲ್ಲದ್ದನ್ನು ಅದರಲ್ಲಿ ಹಾಕುವುದು ಫೆಡರಲ್ ಕಾನೂನಿಗೆ ವಿರುದ್ಧ; ಬಾಗಿಲ ಹಿಡಿಕೆಗೆ ಸಿಕ್ಕಿಸಿ ಬಾ. ಮಾತು ಚಿಕ್ಕದಾಗಿರಲಿ. ಮೊದಲು ಅವರ ಕಷ್ಟ ಕೇಳು, ಆಮೇಲೆ ನಿನ್ನ ಅಭ್ಯರ್ಥಿಯ ಹೆಸರು, ಕೊನೆಗೆ ‘ನಿಮ್ಮ ಓಟು ಅವರಿಗೆ ಸಿಗುತ್ತದೆಯೇ?’ ಎಂಬ ನೇರ ಪ್ರಶ್ನೆ. ಈ ಕೊನೆಯ ಪ್ರಶ್ನೆ ಕೇಳಲು ನಮ್ಮವರು ಸಂಕೋಚಪಡುತ್ತಾರೆ, ಕೇಳದೆ ಬಂದರೆ ಆ ಬಾಗಿಲು ತಟ್ಟಿದ್ದೇ ವ್ಯರ್ಥ. ಉತ್ತರವನ್ನು 1ರಿಂದ 5ರವರೆಗೆ ಗುರುತು ಹಾಕುತ್ತಾರೆ, 1 ಎಂದರೆ ಖಚಿತ ಬೆಂಬಲ, 5 ಎಂದರೆ ಖಚಿತ ವಿರೋಧ. ಕಾಫಿ ಕೊಟ್ಟರೆಂದು, ‘ನೋಡೋಣ’ ಎಂದರೆಂದು 1 ಹಾಕಬೇಡ. ನಮ್ಮ ಮನೆಗಳಲ್ಲಿ ‘ನೋಡೋಣ’ ಎಂದರೆ 3, ಕೆಲವೊಮ್ಮೆ 4. ಉಬ್ಬಿಸಿದ ಪಟ್ಟಿ ಹಿಡಿದು ಕೊನೆಯ ನಾಲ್ಕು ದಿನ ಓಡಾಡಿದರೆ ಎದುರಾಳಿಯ ಓಟುಗಳನ್ನೇ ಎಬ್ಬಿಸಿ ಕಳಿಸಿದ ಹಾಗಾಗುತ್ತದೆ. ಆ ನಾಲ್ಕು ದಿನ 1 ಮತ್ತು 2ರವರ ಮನೆಗೆ ಮಾತ್ರ. 5ರವರೊಂದಿಗೆ ವಾದಕ್ಕೆ ನಿಲ್ಲಬೇಡ. ನಮಸ್ಕಾರ ಹೇಳಿ ಮುಂದಿನ ಮನೆಗೆ ಹೋಗು.

ಅಂಚೆ ಮತಪತ್ರದಲ್ಲಿ ನಮ್ಮವರು ಬಹಳ ಎಡವುತ್ತಾರೆ. ಪ್ರತಿ ನವೆಂಬರ್‌ಗೂ ಮನೆಗೆ ಬರುವ ಮತಪತ್ರ ಪಕ್ಷವಿಲ್ಲದವರಿಗೆ ಪ್ರೈಮರಿಯಲ್ಲಿ ತಾನಾಗಿ ಬರುವುದಿಲ್ಲ, ಮೊದಲು ಪಕ್ಷ ಘೋಷಿಸಬೇಕು. ಬಂದ ಮತಪತ್ರವನ್ನು ಒಳಲಕೋಟೆಗೆ ಹಾಕಿ, ಅದಕ್ಕೆ ಅಂಟಿಕೊಂಡಿರುವ ಪ್ರಮಾಣಪತ್ರದಲ್ಲಿ ಸಹಿ ಮಾಡಬೇಕು. ಆ ಚೂರನ್ನು ಹರಿದು ಬೇರೆ ಮಾಡಬಾರದು. ನೋಂದಣಿಯಲ್ಲಿ ಕನ್ನಡದಲ್ಲಿ ಸಹಿ ಮಾಡಿದ ಅಜ್ಜಿ ಇಲ್ಲಿ ಇಂಗ್ಲಿಷಿನಲ್ಲಿ ಮಾಡಿದರೆ ಹೋಲಿಕೆಯಾಗದೆ ತಡೆಯುತ್ತಾರೆ. ಆಗ ಸರಿಪಡಿಸಲು ಮನೆಗೆ ಕಾಗದ ಬರುತ್ತದೆ, ಅದನ್ನು ಜಾಹೀರಾತೆಂದು ಕಸಕ್ಕೆ ಹಾಕದೆ ಕೂಡಲೇ ತುಂಬಿ ಕಳಿಸಲು ಹೇಳು. ಅಂಚೆಗಿಂತ ಕೌಂಟಿಯ ಮತಪೆಟ್ಟಿಗೆ ಭದ್ರ, ಮತದಾನದ ದಿನ ರಾತ್ರಿ 8ರೊಳಗೆ ಹಾಕಬೇಕು. ಇನ್ನೊಬ್ಬರ ಮತಪತ್ರವನ್ನು ಒಯ್ಯುವವರು ಲಕೋಟೆಯ ಮೇಲೆ ತಮ್ಮ ಹೆಸರು, ಸಹಿ ಹಾಕಬೇಕು. ಒಬ್ಬರು ಮೂರಕ್ಕಿಂತ ಹೆಚ್ಚು ಒಯ್ಯುವಂತಿಲ್ಲ, ಒಂದೇ ಮನೆಯ ಹತ್ತಿರದ ಬಂಧುಗಳದ್ದಾದರೆ ಐದು. ನೀನು ಪ್ರಚಾರದವಳು, ಯಾರದ್ದನ್ನೂ ಮುಟ್ಟಬೇಡ. ಸಹಾಯವೆಂದು ಮಾಡಿದ್ದು ನಾಳೆ ಆರೋಪವಾಗುತ್ತದೆ, ಅದು ಅಭ್ಯರ್ಥಿಯ ತಲೆಗೆ ಬರುತ್ತದೆ. ಅಂಚೆ ಮತಪತ್ರ ಪಡೆದವರು ಮತಗಟ್ಟೆಗೆ ಹೋದರೆ ತಾತ್ಕಾಲಿಕ ಮತಪತ್ರ ಕೊಡುತ್ತಾರೆ. ಅದನ್ನು ಆಮೇಲೆ ಪರಿಶೀಲಿಸಿ ಎಣಿಸುತ್ತಾರೆ, ಹೆದರಬೇಕಿಲ್ಲ.

ಮತದಾನದ ದಿನ ಗಟ್ಟೆಗಳು ಬೆಳಿಗ್ಗೆ 6ರಿಂದ ರಾತ್ರಿ 8ರವರೆಗೆ. 8ಕ್ಕೆ ಸಾಲಿನಲ್ಲಿದ್ದವರೆಲ್ಲ ಓಟು ಹಾಕಬಹುದು. ನಿಂತಲ್ಲೇ ನಿಲ್ಲಿ ಎಂದು ಹೇಳು. ಹಿರಿಯರನ್ನು ಕಾರಿನಲ್ಲಿ ಕರೆದೊಯ್ಯುವುದು ಒಳ್ಳೆಯದೇ, ಆದರೆ 100 ಅಡಿಯೊಳಗೆ ಅಭ್ಯರ್ಥಿಯ ಟೀಶರ್ಟು, ಬಿಲ್ಲೆ, ಪ್ರಚಾರದ ಮಾತು ಯಾವುದೂ ಕೂಡದು. ಓಟು ಹಾಕಿದವರಿಗೆ ತಿಂಡಿ, ಉಡುಗೊರೆ ಎಂದು ಹೇಳಲೇಬಾರದು. ಕನ್ನಡದಲ್ಲಿ ಮತಪತ್ರವಿಲ್ಲ; ಇಂಗ್ಲಿಷ್ ಓದಲು ಬಾರದ ಹಿರಿಯರು ತಮಗೆ ಬೇಕಾದವರನ್ನು ಸಹಾಯಕ್ಕೆ ಒಳಗೆ ಕರೆದೊಯ್ಯಬಹುದು, ಕೆಲಸ ಕೊಟ್ಟ ಮಾಲೀಕರು ಮತ್ತು ಕಾರ್ಮಿಕ ಸಂಘದವರ ಹೊರತು. ಸೊಸೆಯೋ ಮೊಮ್ಮಗನೋ ಹೋಗಲಿ, ನೀನು ಬೇಡ. ಹುದ್ದೆವಾರು ಮತಪತ್ರ ಹೊಸದಾದ್ದರಿಂದ ಒಂದು ಎಚ್ಚರ ಹೇಳಿ ಕಳಿಸು: ಸೆನೆಟ್ಟಿಗೆ ಒಬ್ಬರು, ಅಸೆಂಬ್ಲಿಗೆ ಇಬ್ಬರು. ಅಸೆಂಬ್ಲಿಗೆ ಜೋಡಿಯಾಗಿ ನಿಂತವರ ಹೆಸರನ್ನು ಒಟ್ಟಿಗೆ ಅಚ್ಚು ಹಾಕಲು ಅವಕಾಶವಿದೆ, ಅದನ್ನು ನೋಡಿ ಹಳೆಯ ಲೈನ್ ಎಂದು ಗೊಂದಲಪಡಬಾರದು. ಗಟ್ಟೆಯೊಳಗೆ ಕೂತು ನೋಡಲು ನಿನ್ನ ಅಭ್ಯರ್ಥಿ ಚಾಲೆಂಜರುಗಳನ್ನು ನೇಮಿಸಬಹುದು. ಅದಕ್ಕೆ ಕೌಂಟಿ ಚುನಾವಣಾ ಮಂಡಳಿಗೆ ಗಡುವಿನೊಳಗೆ ಅರ್ಜಿ ಹೋಗಬೇಕು, ಹೋದವರು ಚಾಲೆಂಜರ್ ಎಂಬ ಬಿಲ್ಲೆ ಧರಿಸಬೇಕು. ತಕರಾರಿದ್ದರೆ ದನಿ ಎತ್ತದೆ ಸಮಯ, ಗಟ್ಟೆಯ ಸಂಖ್ಯೆ, ನಡೆದದ್ದನ್ನು ಬರೆದು ಪ್ರಚಾರದ ವಕೀಲರಿಗೆ ಫೋನ್ ಮಾಡಿ.

ಈ ಚುನಾವಣೆಯಲ್ಲಿ ಮನಸ್ಸು ಕಹಿಯಾಗುವುದು ಖಂಡಿತ. ಎದುರು ಪಾಳೆಯದಲ್ಲಿ ನಮ್ಮದೇ ಜನರಿರುತ್ತಾರೆ. ಊರಿನ ಕೌನ್ಸಿಲ್, ಶಾಲಾ ಮಂಡಳಿಗಳಲ್ಲಿ ಸಂಘಟನೆಯ ಬೆಂಬಲದಿಂದ ಬಂದು ಒಳ್ಳೆಯ ಕೆಲಸ ಮಾಡಿದವರಿದ್ದಾರೆ. ಅವರು ಭ್ರಷ್ಟರೆಂದು ಎಲ್ಲಿಯೂ ಹೇಳಬೇಡ, ಬರೆಯಬೇಡ. ದಾಖಲೆಯಿಲ್ಲದ ಒಂದು ಮಾತು ಫೋನಿನಿಂದ ಫೋನಿಗೆ ಹೋಗಿ ನಿನ್ನ ಅಭ್ಯರ್ಥಿಯ ಒಂದು ತಿಂಗಳ ಕೆಲಸವನ್ನು ತಿನ್ನುತ್ತದೆ. ನಿನ್ನ ದೂರು ನಿಯಮದ ಮೇಲಿರಲಿ: ಬೆಂಬಲ ಯಾರು ಕೊಟ್ಟರು, ಯಾವ ಮತದಿಂದ, ಎಷ್ಟು ಜನ ಕೂತು. ಇದಕ್ಕೆ ಉತ್ತರ ಹೇಳುವುದು ಅವರಿಗೆ ಕಷ್ಟ, ಸಿಟ್ಟಾಗುವುದು ಇನ್ನೂ ಕಷ್ಟ.

ಕೊನೆಯದಾಗಿ, ನೀನು ಕೇಳದೇ ಇದ್ದ ಒಂದು ವಿಷಯ. ಅದೇ ಪ್ರೈಮರಿ ಮತಪತ್ರದ ಕೆಳಗೆ, ಯಾರೂ ಓದದ ಜಾಗದಲ್ಲಿ, ಪಕ್ಷದ ಕೌಂಟಿ ಸಮಿತಿಯ ಸ್ಥಾನಗಳಿಗೂ ಚುನಾವಣೆ ನಡೆಯುತ್ತದೆ. ಒಂದೊಂದು ಮತಗಟ್ಟೆ ವ್ಯಾಪ್ತಿಯಿಂದ ಸಾಮಾನ್ಯವಾಗಿ ಇಬ್ಬರು. ಎಷ್ಟೋ ಕಡೆ ಅರ್ಜಿ ಹಾಕುವವರೇ ಇರುವುದಿಲ್ಲ. ಅಧ್ಯಕ್ಷರನ್ನು ಆರಿಸುವುದು ಇವರೇ. ಶಾಸಕರ ಸ್ಥಾನ ನಡುವೆ ತೆರವಾದರೆ ಆ ಜಾಗಕ್ಕೆ ತಾತ್ಕಾಲಿಕವಾಗಿ ಬರುವವರನ್ನು ಆರಿಸುವುದೂ ಇವರೇ. ಕಿಮ್ ಅವರಿಗೆ ಮಾನ್‌ಮತ್ ಸಿಕ್ಕಿದ್ದು ಇಂಥ ಸದಸ್ಯರ ಕೈಯಿಂದ. ನಿಮ್ಮ ವ್ಯಾಪ್ತಿಯ ಸ್ಥಾನ ಯಾವ ವರ್ಷ ಬರುತ್ತದೆಂದು ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ವಿಚಾರಿಸು. ಬರುವುದಾದರೆ ನಿನ್ನ ಹೆಸರನ್ನೇ ಹಾಕು. ಅದಕ್ಕೆ ಬೇಕಾದ ಸಹಿಗಳು ಕೆಲವೇ ಕೆಲವು, ನಿಮ್ಮ ಬೀದಿಯಲ್ಲೇ ಸಿಗುತ್ತವೆ. ಸೆನೆಟ್ ಅಭ್ಯರ್ಥಿ ಗೆಲ್ಲಲಿ, ಸೋಲಲಿ, ಜೂನ್ 9ರಂದು ಆ ಕುರ್ಚಿ ನಿನ್ನದಾಗಿರುತ್ತದೆ.

ಈ ವಾರ ಮಾಡಬೇಕಾದದ್ದು ಒಂದೇ. ರಾಜ್ಯದ ಮತದಾರರ ತಾಣದಲ್ಲಿ ನಿನ್ನ ಹೆಸರು ಹುಡುಕಿ ನೋಡು: ಪೌರತ್ವದ ಪ್ರಮಾಣಪತ್ರದಲ್ಲಿ ಇರುವ ಹಾಗೆಯೇ ಇದೆಯೇ, ವಿಳಾಸ ಹೊಸ ಮನೆಯದೇ, ಪಕ್ಷದ ಜಾಗದಲ್ಲಿ ಏನಿದೆ. ತಪ್ಪಿದ್ದರೆ ತಿದ್ದಿಸಿ ನನಗೆ ತಿಳಿಸು.

ನಿನ್ನ ಪ್ರೀತಿಯ
ದೊಡ್ಡಪ್ಪ